ಪ್ರೈವೇಟ್ ಡಿಎನ್‌ಎಸ್ ಬದಲಿಸಿದರೆ ನೆಟ್ ಓಡುತ್ತದೆಯೇ, ರೊಕ್ಕ ಹೋಗುತ್ತದೆಯೇ? ಸುಳ್ಳು ಹೇಳುವ ಸರ್ವರ್ ಕಟ್ಟಿ ನೋಡಿದೆ

ಈ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು: “ಕಂಪನಿಗಳು ಮುಚ್ಚಿಟ್ಟ ಸೆಟ್ಟಿಂಗ್! ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೇಟ್ ಡಿಎನ್‌ಎಸ್ ಎಂದು ಹುಡುಕಿ, ಕೆಳಗಿನ ಹೆಸರು ಹಾಕಿ. ನೆಟ್ ಮೂರು ಪಟ್ಟು ವೇಗ. ಜಾಹೀರಾತು ಬಂದ್. ಹ್ಯಾಕರ್ ನಿಮ್ಮ ಬ್ಯಾಂಕ್ ಹತ್ತಿರವೂ ಸುಳಿಯಲಾರ. ತಕ್ಷಣ 10 ಜನರಿಗೆ ಕಳಿಸಿ.” ಕೆಳಗೆ ಯಾರೂ ಕೇಳಿರದ ಒಂದು ಸರ್ವರ್ ಹೆಸರು.

ಕಮಲಾಪುರದಲ್ಲಿರುವ ನಮ್ಮ ಕಾಕಾ ಅದನ್ನು ಹಾಕಿಕೊಂಡಿದ್ದರು. ನಾಲ್ಕು ದಿನ ಎಲ್ಲವೂ ಸರಿಯಿತ್ತು. ಐದನೇ ದಿನ ಕಲಬುರಗಿಯಲ್ಲಿದ್ದ ನನಗೆ ಫೋನ್ ಬಂತು.

“ತಮ್ಮಾ, ಟವರ್ ಫುಲ್ ಅದ, ಆದ್ರ ನೆಟ್ ಬರವಲ್ದು ನೋಡು. ಸಿಮ್ ತೆಗೆದು ಹಾಕೀನಿ, ಫೋನ್ ಬಂದ್ ಮಾಡಿ ಚಾಲೂ ಮಾಡೀನಿ. ಏನೂ ಇಲ್ಲ.”

ಕಾರಣ ಸರಳವಾಗಿತ್ತು. ಆ ಸರ್ವರ್ ಯಾರದೋ ಏನೋ, ನಿಂತುಹೋಗಿತ್ತು. ಪ್ರೈವೇಟ್ ಡಿಎನ್‌ಎಸ್ ಜಾಗದಲ್ಲಿ ಒಂದು ಹೆಸರು ಬರೆದಿಟ್ಟರೆ ಆಂಡ್ರಾಯ್ಡ್ ಫೋನು ಆ ಸರ್ವರನ್ನು ಬಿಟ್ಟು ಬೇರೆಯವರನ್ನು ಕೇಳುವುದಿಲ್ಲ. ಅದು ಸತ್ತರೆ ನಿಮ್ಮ ಇಂಟರ್ನೆಟ್ಟೂ ಸತ್ತಂತೆ. ಎಷ್ಟೋ ಜನ ಇದು ಗೊತ್ತಿಲ್ಲದೆ ಸಿಮ್ ಬದಲಿಸುತ್ತಾರೆ, ಮೊಬೈಲ್ ಅಂಗಡಿಗೆ ಓಡುತ್ತಾರೆ. ಫೋನಿನಲ್ಲೇ ಹೇಳಿ ಆ ಸೆಟ್ಟಿಂಗನ್ನು ‘ಆಟೊಮ್ಯಾಟಿಕ್’ಗೆ ತರಿಸಿದೆ. ನೆಟ್ ಬಂತು. ಆಗ ಕಾಕಾ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ತಕ್ಷಣಕ್ಕೆ ಉತ್ತರವಿರಲಿಲ್ಲ.

“ತೊಗರಿ ಮಾರಿದ ರೊಕ್ಕ ಎಲ್ಲಾ ಅದೇ ಅಕೌಂಟ್‌ನ್ಯಾಗ ಅದಾವಪ್ಪ. ಈ ನಾಕ್ ದಿನ ನಾ ಬ್ಯಾಂಕ್ ಆ್ಯಪ್ ತೆಗೆದು ನೋಡೀನಿ. ಆ ಸರ್ವರ್‌ನವ ಏನರ ನೋಡಿರ್ತಾನೇನು?”

“ಏನೂ ಆಗಲ್ಲ ಬಿಡ್ರಿ ಕಾಕಾ” ಅನ್ನಬಹುದಿತ್ತು. ಆದರೆ ಅದೂ ಒಂದು ಫಾರ್ವರ್ಡ್ ಆಗುತ್ತಿತ್ತು, ನೋಡದೆ ಹೇಳಿದ ಮಾತು. ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಇಂಥ ಪ್ರಶ್ನೆಗೆ ನಮ್ಮಲ್ಲಿ ಒಂದು ರೂಢಿಯ ದಾರಿ ಇದೆ. ನಾವು ಹೇಳಿದಂತೆ ಸುಳ್ಳು ಹೇಳುವ ಒಂದು ಅಣಕು ಡಿಎನ್‌ಎಸ್ ಸರ್ವರ್ ಕಟ್ಟಿ, ಫೋನು ಅದರ ಮಾತು ಕೇಳಿ ಏನು ಮಾಡುತ್ತದೆಂದು ನೋಡುವುದು. ಪೊಲೀಸರು, ಅಗ್ನಿಶಾಮಕದವರು ಅಣಕು ಕಾರ್ಯಾಚರಣೆ ಮಾಡುತ್ತಾರಲ್ಲ, ಹಾಗೆಯೇ ಇದು.

ಹೆಸರು ಬೇರೆ, ವಿಳಾಸ ಬೇರೆ

ಮೊದಲು ಡಿಎನ್‌ಎಸ್ ಎಂದರೇನು ನೋಡೋಣ. ಇಂಟರ್ನೆಟ್ಟಿನಲ್ಲಿ ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ, ಮನುಷ್ಯರು ನೆನಪಿಡುವುದು ಹೆಸರುಗಳನ್ನು. ನೀವು ಬ್ಯಾಂಕಿನ ಹೆಸರು ಬರೆದಾಗ ಅದರ ಅಂಕಿ ಯಾವುದು ಎಂದು ಫೋನು ಯಾರನ್ನಾದರೂ ಕೇಳಲೇಬೇಕು. ಆ ಕೇಳುವ, ಹೇಳುವ ವ್ಯವಸ್ಥೆಯೇ ಡೊಮೇನ್ ನೇಮ್ ಸಿಸ್ಟಮ್, ಅಂದರೆ ಡಿಎನ್‌ಎಸ್.

ನಮ್ಮ ಅಂಚೆಯನ್ನೇ ನೋಡಿ. ‘ಕಮಲಾಪುರ’ ಎಂದಷ್ಟೇ ಬರೆದ ಪತ್ರ ಎಲ್ಲಿಗೆ ಹೋಗಬೇಕು? ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವಾಗ ಸಿಗುವ, ಕೆಂಪು ಬಾಳೆಗೆ ಹೆಸರಾದ ನಮ್ಮ ಕಮಲಾಪುರಕ್ಕೋ, ಹಂಪಿಯ ಪಕ್ಕದ ಕಮಲಾಪುರಕ್ಕೋ? ಪಿನ್ ಕೋಡ್ 585ರಿಂದ ಶುರುವಾದರೆ ನಮ್ಮದು, 583 ಆದರೆ ಹಂಪಿಯದು. ಹೆಸರು ಜನರಿಗೆ, ಅಂಕಿ ಅಂಚೆಯವರಿಗೆ. ಇನ್ನು ಗುಲ್ಬರ್ಗ 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಆಯಿತು. ಆದರೂ ‘ಗುಲ್ಬರ್ಗ’ ಎಂದು ಬರೆದ ಪತ್ರ ಕಳೆದುಹೋಗಲಿಲ್ಲ. “ಗುಲ್ಬರ್ಗ ಎಂದರೆ ಕಲಬುರಗಿಯೇ” ಎಂಬ ಅಲಿಯಾಸ್ ಎಲ್ಲರ ತಲೆಯಲ್ಲಿತ್ತು. ಡಿಎನ್‌ಎಸ್‌ನಲ್ಲೂ ಇಂಥ ಅಲಿಯಾಸ್‌ಗಳಿವೆ. ಒಂದು ಹೆಸರು ಕೇಳಿದರೆ “ಅದರ ಈಗಿನ ಹೆಸರು ಇದು, ಇದನ್ನು ಕೇಳು” ಎಂಬ ಉತ್ತರ ಬರುತ್ತದೆ.

1980ರ ದಶಕದ ಆರಂಭದವರೆಗೆ ಇಂಟರ್ನೆಟ್ಟಿನ ಹಿರಿಯಣ್ಣನಾದ ಅರ್ಪಾನೆಟ್ಟಿನಲ್ಲಿ ಎಲ್ಲ ಹೆಸರುಗಳೂ ಒಂದೇ ಫೈಲಿನಲ್ಲಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಯಂತ್ರಗಳು ಹೆಚ್ಚಾದಂತೆ ಆ ಫೈಲು ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. 1987ರಲ್ಲಿ ಪರಿಷ್ಕರಿಸಿದ ಅದರ ನಿಯಮಗಳು ಇವತ್ತಿಗೂ ನಿಮ್ಮ ಫೋನಿನಲ್ಲಿ ನಡೆಯುತ್ತಿವೆ. ತೊಂದರೆಯೆಂದರೆ, ಆ ಕಾಲದಲ್ಲಿ ಎಲ್ಲರೂ ಎಲ್ಲರನ್ನೂ ನಂಬುತ್ತಿದ್ದರು. ಉತ್ತರ ಕೊಟ್ಟವನು ನಿಜ ಹೇಳಿದನೇ ಎಂದು ಪರೀಕ್ಷಿಸುವ ವ್ಯವಸ್ಥೆ ಮೂಲ ಡಿಎನ್‌ಎಸ್‌ನಲ್ಲಿ ಇರಲೇ ಇಲ್ಲ.

ಹೇಳಿದಂತೆ ಸುಳ್ಳು ಹೇಳುವ ಸರ್ವರ್

ಡಿಎನ್‌ಎಸ್ ಪ್ರಶ್ನೆ ಬಹಳ ಚಿಕ್ಕದು. ಸಾಮಾನ್ಯವಾಗಿ 53ನೇ ಪೋರ್ಟಿಗೆ ಒಂದು ಪುಟ್ಟ ಪೊಟ್ಟಣವಾಗಿ ಹೋಗುತ್ತದೆ. ಮೊದಲ 12 ಬೈಟುಗಳು ತಲೆಬರಹ, ಆಮೇಲೆ ಕೇಳಿದ ಹೆಸರು, ಯಾವ ಬಗೆಯ ಉತ್ತರ ಬೇಕು ಎಂಬ ಅಂಕಿ. ತಲೆಬರಹದ ಮೊದಲ ಎರಡು ಬೈಟುಗಳಲ್ಲಿ ಪ್ರಶ್ನೆಯ ಗುರುತಿನ ಸಂಖ್ಯೆ ಇರುತ್ತದೆ. ಉತ್ತರದಲ್ಲಿ ಅದೇ ಸಂಖ್ಯೆ ಮರಳಿ ಬರಬೇಕು, ಇಲ್ಲದಿದ್ದರೆ ಫೋನು ಆ ಉತ್ತರವನ್ನು ಎಸೆಯುತ್ತದೆ. ಇಷ್ಟು ಗೊತ್ತಿದ್ದರೆ ಪೈಥಾನ್ ಭಾಷೆಯಲ್ಲಿ ಹಳೆಯ ಲ್ಯಾಪ್‌ಟಾಪಿನ ಮೇಲೆ ಒಂದು ಸಂಜೆಯಲ್ಲಿ ಸರ್ವರ್ ಬರೆಯಬಹುದು.

ಆದರೆ ಒಂದೇ ಸುಳ್ಳು ಹೇಳುವ ಸರ್ವರ್ ಪರೀಕ್ಷೆಗೆ ಸಾಲದು. ಯಾರಿಗೆ, ಯಾವಾಗ, ಎಂಥ ಸುಳ್ಳು ಎಂದು ನಾವು ಬರೆದುಕೊಡುವಂತಿರಬೇಕು. ನಾಟಕದವರಿಗೆ ಸ್ಕ್ರಿಪ್ಟ್ ಇದ್ದ ಹಾಗೆ. ನನ್ನ ನಿಯಮಗಳ ಫೈಲು ಹೆಚ್ಚುಕಡಿಮೆ ಹೀಗಿತ್ತು, ನಿಮಗೆ ಓದಲು ಅನುಕೂಲವಾಗಲೆಂದು ಕನ್ನಡದಲ್ಲೇ ಬರೆದಿದ್ದೇನೆ:

ಕೆಂಪುಬಾಳೆ.ಟೆಸ್ಟ್: 192.0.2.10 ಎಂದು ಹೇಳು
ಇಲ್ಲದಊರು.ಟೆಸ್ಟ್: ಅಂಥ ಹೆಸರೇ ಇಲ್ಲ ಎನ್ನು
ಮೂಕ.ಟೆಸ್ಟ್: ಏನೂ ಹೇಳಬೇಡ, ಸುಮ್ಮನಿರು
ನಿಧಾನ.ಟೆಸ್ಟ್: 2 ಸೆಕೆಂಡ್ ಬಿಟ್ಟು ಹೇಳು
ಹಟಮಾರಿ.ಟೆಸ್ಟ್: ಮೊದಲ ಎರಡು ಸಲ ‘ನನ್ನಿಂದಾಗದು’ ಎನ್ನು, ಮೂರನೇ ಸಲ 192.0.2.20 ಎನ್ನು
ಉಳಿದದ್ದೆಲ್ಲ: ನಿಜವಾದ ಸರ್ವರನ್ನು ಕೇಳಿ ಹೇಳು

ಈ ‘ಟೆಸ್ಟ್’ ಎಂಬ ಬಾಲ ಪರೀಕ್ಷೆಗೆಂದೇ ಮೀಸಲು, ಜಗತ್ತಿನಲ್ಲಿ ಯಾರೂ ಅದನ್ನು ಕೊಳ್ಳಲಾರರು. 192.0.2ರಿಂದ ಶುರುವಾಗುವ ವಿಳಾಸಗಳೂ ಹಾಗೆಯೇ, ಪುಸ್ತಕಗಳಲ್ಲಿ ಉದಾಹರಣೆಗೆಂದು ತೆಗೆದಿಟ್ಟವು. ಪರೀಕ್ಷೆ ಮಾಡುವವರು ಮೊದಲು ಇವುಗಳಲ್ಲಿ ಆಡಿ ಅಭ್ಯಾಸ ಮಾಡಬೇಕು. ಇಲ್ಲದಿದ್ದರೆ ಒಂದು ದಿನ ಕೈತಪ್ಪಿ ನಿಜವಾದ ಯಾರದೋ ಸರ್ವರ್‌ಗೆ ಸಾವಿರಾರು ಪ್ರಶ್ನೆ ಹೋಗುತ್ತವೆ. ಹಾಗೆಯೇ ಇದೆಲ್ಲ ನಿಮ್ಮ ಮನೆಯ ವೈಫೈ, ನಿಮ್ಮ ಫೋನಿನ ಮೇಲೆ ಮಾತ್ರ. ಹಾಸ್ಟೆಲಿನ ವೈಫೈ ಮೇಲೆ ಮಾಡಿದರೆ ಅದು ಪರೀಕ್ಷೆಯಲ್ಲ, ಐಟಿ ಕಾಯ್ದೆಯಡಿ ಅಪರಾಧವಾಗುತ್ತದೆ.

ಎಡವಿದ್ದು ಎಲ್ಲಿ

ಕೇಳಲು ಸುಲಭ, ಆದರೆ ಮೊದಲ ದಿನ ಒಂದೂ ಸರಿಯಾಗಲಿಲ್ಲ. ಕಾಲೇಜು ಪ್ರಾಜೆಕ್ಟಿಗೆ ಇದನ್ನೇ ಮಾಡುವವರಿಗೆ ಉಪಯೋಗವಾದೀತೆಂದು ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಉಳಿದವರು ಮುಂದಿನ ಭಾಗಕ್ಕೆ ಹೋಗಬಹುದು.

ಮೊದಲನೆಯದಾಗಿ, 53ನೇ ಪೋರ್ಟು ಖಾಲಿ ಇರಲಿಲ್ಲ. ಲಿನಕ್ಸ್‌ನಲ್ಲಿ ಅದರದೇ ಒಂದು ಚಿಕ್ಕ ಡಿಎನ್‌ಎಸ್ ಸೇವೆ ಅಲ್ಲಿ ಕೂತಿರುತ್ತದೆ. ಎಲ್ಲ ವಿಳಾಸಗಳಲ್ಲೂ ಕೇಳುತ್ತೇನೆಂದು ಹೊರಟರೆ ‘ಜಾಗ ಈಗಾಗಲೇ ಬಳಕೆಯಲ್ಲಿದೆ’ ಎಂಬ ದೋಷ ಬರುತ್ತದೆ. ಲ್ಯಾಪ್‌ಟಾಪಿಗೆ ವೈಫೈ ಕೊಟ್ಟ ವಿಳಾಸದಲ್ಲಿ ಮಾತ್ರ ಕೇಳು ಎಂದು ಹೇಳಿದ ಮೇಲೆ ಸರಿಯಾಯಿತು. ಲ್ಯಾಪ್‌ಟಾಪಿನಲ್ಲೇ ಇರುವ ಪ್ರೋಗ್ರಾಮನ್ನು ಪರೀಕ್ಷಿಸುವುದಾದರೆ 53ರ ಗೊಡವೆಯೇ ಬೇಡ, 5300ರಂಥ ಯಾವುದಾದರೂ ಮೇಲಿನ ಪೋರ್ಟ್ ಸಾಕು. ಆದರೆ ಫೋನಿಗೆ ಬೇರೆ ಪೋರ್ಟ್ ಹೇಳಲು ಸೆಟ್ಟಿಂಗೇ ಇಲ್ಲ.

ಎರಡನೆಯದು ನನ್ನನ್ನು ಹೆಚ್ಚು ಕಾಡಿತು. ‘ಹಟಮಾರಿ’ ಹೆಸರು ಮೂರನೇ ಸಲಕ್ಕೆ ಉತ್ತರಿಸಬೇಕಿತ್ತು, ಎರಡನೇ ಸಲಕ್ಕೇ ಉತ್ತರಿಸುತ್ತಿತ್ತು. ಲೆಕ್ಕ ತಪ್ಪಿದ್ದು ನನ್ನದೇ. ಫೋನು ಒಂದು ಹೆಸರಿಗೆ ಒಂದೇ ಪ್ರಶ್ನೆ ಕೇಳುವುದಿಲ್ಲ. ಹಳೆಯ ಬಗೆಯ ವಿಳಾಸ ಒಮ್ಮೆ, ಐಪಿ ಆರನೇ ಆವೃತ್ತಿಯ ವಿಳಾಸ ಒಮ್ಮೆ, ಹೊಸ ಬ್ರೌಸರುಗಳಾದರೆ ಇನ್ನೂ ಒಂದು ಬಗೆ. ಹೆಸರಿನ ಜೊತೆಗೆ ಬಗೆಯನ್ನೂ ಸೇರಿಸಿ ಎಣಿಸಬೇಕು. ಇದರೊಳಗೇ ಇನ್ನೊಂದು ಹೊಂಡವಿದೆ. ಆರನೇ ಆವೃತ್ತಿಯ ವಿಳಾಸ ನಿಮ್ಮಲ್ಲಿ ಇಲ್ಲದಿದ್ದರೆ ‘ಅಂಥ ಹೆಸರೇ ಇಲ್ಲ’ ಎನ್ನಬಾರದು. ‘ಹೆಸರು ಇದೆ, ಈ ಬಗೆಯ ವಿಳಾಸ ಮಾತ್ರ ಇಲ್ಲ’ ಎಂದು ಖಾಲಿ ಉತ್ತರ ಕೊಡಬೇಕು. ಎರಡರ ಅರ್ಥ ಬೇರೆ. “ಆ ಮನೆಗೆ ಫೋನಿಲ್ಲ” ಎನ್ನುವುದಕ್ಕೂ “ಆ ಮನೆಯೇ ಇಲ್ಲ” ಎನ್ನುವುದಕ್ಕೂ ವ್ಯತ್ಯಾಸವಿದೆಯಲ್ಲ. ಮನೆಯೇ ಇಲ್ಲ ಎಂದುಬಿಟ್ಟರೆ ಫೋನು ಅಲ್ಲಿಗೇ ಕೈಬಿಡಬಹುದು.

ಮೂರನೆಯದು ಕ್ಯಾಶ್. ಪ್ರತಿ ಉತ್ತರದ ಜೊತೆ ‘ಇದನ್ನು ಇಷ್ಟು ಸೆಕೆಂಡ್ ನೆನಪಿಡು’ ಎಂಬ ಅಂಕಿ ಹೋಗುತ್ತದೆ. ನಾನು ಅಭ್ಯಾಸಬಲದಿಂದ 3600 ಎಂದು ಬರೆದಿದ್ದೆ. ನಿಯಮ ಬದಲಿಸಿದ ಮೇಲೂ ಫೋನು ಒಂದು ಗಂಟೆ ಹಳೆಯ ಸುಳ್ಳನ್ನೇ ನಂಬಿಕೊಂಡು ಕೂತಿತ್ತು. ಪರೀಕ್ಷೆಯಲ್ಲಿ ಇದು ಸೊನ್ನೆಯೋ ಒಂದೋ ಇರಬೇಕು.

ಕೊನೆಯದು ಎಲ್ಲಕ್ಕಿಂತ ಮೋಸದ್ದು. ಒಂದು ಹಂತದಲ್ಲಿ ನನ್ನ ಎಲ್ಲ ಸುಳ್ಳುಗಳೂ ವ್ಯರ್ಥವಾಗಿ ಫೋನು ಸರಿಯಾದ ಪುಟಗಳನ್ನೇ ತೋರಿಸತೊಡಗಿತು. ಎಂಥ ಜಾಣ ಫೋನು ಎಂದು ಬೆರಗಾದೆ. ಅಸಲಿಗೆ ನನ್ನ ಸರ್ವರ್ ಮಧ್ಯೆ ಕೆಟ್ಟು ನಿಂತಿತ್ತು. ವೈಫೈನಲ್ಲಿ ಇಂಟರ್ನೆಟ್ ಇಲ್ಲವೆಂದು ಕಂಡ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಾರಿಕೊಂಡಿತ್ತು. ಪರೀಕ್ಷೆಗೆ ಮೊದಲು ಮೊಬೈಲ್ ಡೇಟಾ ಬಂದ್ ಮಾಡಿ. ಪ್ರೈವೇಟ್ ಡಿಎನ್‌ಎಸ್ ಕೂಡ ‘ಆಫ್’ ಇರಲಿ. ವೈಫೈ ಸೆಟ್ಟಿಂಗಿನಲ್ಲಿ ಎರಡನೇ ಡಿಎನ್‌ಎಸ್ ಜಾಗದಲ್ಲೂ ನಿಮ್ಮ ಲ್ಯಾಪ್‌ಟಾಪಿನ ವಿಳಾಸವನ್ನೇ ಬರೆಯಿರಿ. ಪಾಸಾಯಿತೆಂದು ಕಂಡ ಪರೀಕ್ಷೆ ನಡೆದೇ ಇರದಿರಬಹುದು, ಈ ಕೆಲಸದಲ್ಲಿ ಇದು ದಿನನಿತ್ಯದ ಮಾತು.

ಕಾಕಾನ ಪ್ರಶ್ನೆ

ಈಗ ಮುಖ್ಯ ವಿಷಯ. ಲ್ಯಾಪ್‌ಟಾಪಿನಲ್ಲೇ ಒಂದು ವೆಬ್ ಸರ್ವರ್ ಎಬ್ಬಿಸಿ, “ಇದು ನಕಲಿ ಪುಟ” ಎಂದು ದೊಡ್ಡದಾಗಿ ಬರೆದ ಒಂದು ಪುಟ ಇಟ್ಟೆ. ಆಮೇಲೆ ಮೂರು ಸುಳ್ಳು ಹೇಳಿಸಿದೆ.

ಮೊದಲ ಸುಳ್ಳು ಗೂಢಲಿಪಿ ಇಲ್ಲದ, ಹಳೆಯ ‘ಎಚ್‌ಟಿಟಿಪಿ’ಯಲ್ಲೇ ಉಳಿದಿರುವ ಒಂದು ಜಾಲತಾಣದ ಬಗ್ಗೆ. ಅದರ ವಿಳಾಸ ನನ್ನ ಲ್ಯಾಪ್‌ಟಾಪಿನದು ಎಂದೆ. ಫೋನಿನಲ್ಲಿ ಮೇಲೆ ಆ ತಾಣದ ಹೆಸರು, ಕೆಳಗೆ ನನ್ನ ನಕಲಿ ಪುಟ. ಪಟ್ಟಿಯಲ್ಲಿ ‘ಸುರಕ್ಷಿತವಲ್ಲ’ ಎಂಬ ಚಿಕ್ಕ ಅಕ್ಷರ ಬಿಟ್ಟರೆ ಬೇರೆ ಸುಳಿವಿಲ್ಲ. ಅಂದರೆ ಇಂಥ ಕಡೆ ಸುಳ್ಳು ಪೂರ್ತಿ ಗೆಲ್ಲುತ್ತದೆ.

ಎರಡನೆಯದು ನನ್ನ ಬ್ಯಾಂಕಿನ ತಾಣದ ಬಗ್ಗೆ. ಈ ಸಲ ಫೋನು ನನ್ನ ಲ್ಯಾಪ್‌ಟಾಪಿಗೇ ಬಂತು, ಬಾಗಿಲನ್ನೂ ತಟ್ಟಿತು, ಆದರೆ ಒಳಗೆ ಬರಲಿಲ್ಲ. “ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ” ಎಂಬ ಎಚ್ಚರಿಕೆ ಪರದೆ ತುಂಬ ನಿಂತಿತು. ಯಾಕೆ? ‘ಎಚ್‌ಟಿಟಿಪಿಎಸ್’ ತಾಣ ಎದುರಾದಾಗ ಬ್ರೌಸರ್ ಒಂದು ಸರ್ಟಿಫಿಕೇಟ್ ಕೇಳುತ್ತದೆ: ನೀನು ಈ ಹೆಸರಿನವನೇ ಎಂದು ನಾನು ನಂಬುವ ಸಂಸ್ಥೆಯೊಂದು ಸಹಿ ಹಾಕಿದ ಪತ್ರ ತೋರಿಸು ಎಂದು. ವಿಳಾಸದ ಬಗ್ಗೆ ಡಿಎನ್‌ಎಸ್ ಸುಳ್ಳು ಹೇಳಬಲ್ಲದು. ಆ ಸಹಿಯನ್ನು ಮಾತ್ರ ಅದು ಹುಟ್ಟಿಸಲಾರದು. ಆಟೊದವನು ನಿಮ್ಮನ್ನು ಬೇರೆ ಮನೆಗೆ ಬಿಡಬಹುದು, ಆದರೆ ಆ ಮನೆಯವರ ಹತ್ತಿರ ನಿಮ್ಮ ಅತ್ತಿಯ ಆಧಾರ್ ಕಾರ್ಡ್ ಇರುವುದಿಲ್ಲ.

ಮೂರನೆಯದು ಬ್ಯಾಂಕಿನ ಆ್ಯಪ್. ಅದು ಇನ್ನೂ ಚೆನ್ನಾಗಿ ನಡೆದುಕೊಂಡಿತು. ಎಚ್ಚರಿಕೆ, ಪ್ರಶ್ನೆ ಏನೂ ಇಲ್ಲ, ಸಂಪರ್ಕ ಸಾಧ್ಯವಾಗುತ್ತಿಲ್ಲ ಎಂದು ಹೇಳಿ ನಿಂತಿತು. ‘ಆದರೂ ಮುಂದುವರಿ’ ಎಂಬ ಬಟನ್ನೇ ಅಲ್ಲಿ ಇರಲಿಲ್ಲ.

ಹಾಗಾದರೆ ಆ ಅಪರಿಚಿತ ಸರ್ವರ್‌ನವನಿಗೆ ಏನೂ ಸಿಗಲಿಲ್ಲವೇ? ಸಿಕ್ಕಿತು. ನನ್ನ ಅಣಕು ಸರ್ವರಿನ ಲಾಗ್ ತೆಗೆದು ನೋಡಿದಾಗ ನನಗೇ ಮುಜುಗರವಾಯಿತು. ಮೇಜಿನ ಮೇಲೆ ಸುಮ್ಮನೆ ಇಟ್ಟ ಫೋನು ಕೂಡ ಗಳಿಗೆಗೊಮ್ಮೆ ಯಾವುದಾದರೂ ಹೆಸರು ಕೇಳುತ್ತಲೇ ಇರುತ್ತದೆ. ಯಾವ ಬ್ಯಾಂಕು, ಯಾವ ಸಾಲದ ಆ್ಯಪ್, ಯಾವ ಆಸ್ಪತ್ರೆಯ ತಾಣ, ಎಷ್ಟು ಹೊತ್ತಿಗೆ ಎಲ್ಲವೂ ಸಾಲುಸಾಲಾಗಿ ಇತ್ತು. ಪಾಸ್‌ವರ್ಡ್, ಬ್ಯಾಲೆನ್ಸ್ ಇರಲಿಲ್ಲ. ಹೆಸರು ಮತ್ತು ಹೊತ್ತು ಮಾತ್ರ. ಆದರೆ ಇವರು ಯಾವ ಬ್ಯಾಂಕಿನ ಗಿರಾಕಿ ಎಂಬುದೇ ನಾಳೆ ಮೋಸದ ಕರೆ ಮಾಡುವವನಿಗೆ ಅರ್ಧ ಕೆಲಸ ಮುಗಿಸಿಕೊಡುತ್ತದೆ. ‘ಪ್ರೈವೇಟ್’ ಎಂಬ ಹೆಸರು ಕೇಳಿ ಮೋಸಹೋಗಬೇಡಿ. 2018ರಲ್ಲಿ ಆಂಡ್ರಾಯ್ಡ್ 9ರ ಜೊತೆ ಬಂದ ಆ ಸೌಲಭ್ಯ, ದಾರಿಯಲ್ಲಿರುವವರು ನಿಮ್ಮ ಪ್ರಶ್ನೆ ಓದದಂತೆ ಗೂಢಲಿಪಿ ಹಾಕುತ್ತದೆ. ತುದಿಯಲ್ಲಿ ಕೂತು ಉತ್ತರಿಸುವವನಿಗೆ ಎಲ್ಲವೂ ತೆರೆದೇ ಇರುತ್ತದೆ.

‘ಮುಂದುವರಿ’ ಒತ್ತಿದರೆ?

ಕಾಕಾಗೆ ಫೋನ್ ಮಾಡಿ ಕೇಳಿದೆ: “ಆ ನಾಕ್ ದಿನದಾಗ ‘ಸಂಪರ್ಕ ಖಾಸಗಿ ಅಲ್ಲ’ ಅಂತ ಏನರ ಬಂದಿತ್ತೇನ್ರಿ ಕಾಕಾ?”

“ಬಂದಿದ್ರ ಒತ್ತೇ ಬಿಡ್ತಿದ್ನಪ್ಪ. ಅದನ್ನೆಲ್ಲಾ ಯಾರು ಓದ್ತಾರ?”

ಈ ಪ್ರಾಮಾಣಿಕ ಉತ್ತರದಲ್ಲೇ ಅಪಾಯವೆಲ್ಲ ಇದೆ. 2018ರ ಏಪ್ರಿಲ್ 24ರಂದು ಇದು ನಿಜವಾಗಿಯೂ ನಡೆಯಿತು. ಅಮೆಜಾನ್ ಕಂಪನಿಯ ಡಿಎನ್‌ಎಸ್ ಸೇವೆಗೆ ಹೋಗಬೇಕಾದ ಪ್ರಶ್ನೆಗಳನ್ನು ಕಳ್ಳರು ಸುಮಾರು ಎರಡು ಗಂಟೆ ತಮ್ಮ ಕಡೆ ತಿರುಗಿಸಿಕೊಂಡು, ‘ಮೈಈಥರ್‌ವಾಲೆಟ್’ ಎಂಬ ಕ್ರಿಪ್ಟೊ ಹಣದ ತಾಣದ ಬಗ್ಗೆ ಸುಳ್ಳು ವಿಳಾಸ ಕೊಟ್ಟರು. ನಕಲಿ ತಾಣದ ಸರ್ಟಿಫಿಕೇಟ್ ಕಳ್ಳರೇ ಸಹಿ ಹಾಕಿಕೊಂಡದ್ದು. ಬ್ರೌಸರುಗಳು ಎಚ್ಚರಿಕೆ ಕೊಟ್ಟವು. ಅದನ್ನು ದಾಟಿ ಒಳಗೆ ಹೋಗಿ ಲಾಗಿನ್ ಆದವರ ಹಣ ಹೋಯಿತು, ಸುಮಾರು ಒಂದೂವರೆ ಲಕ್ಷ ಡಾಲರ್. ಎಚ್ಚರಿಕೆ ಕಂಡು ವಾಪಸಾದವರದು ಹೋಗಲಿಲ್ಲ.

ಸರ್ಟಿಫಿಕೇಟ್ ಕೊಡುವವರೇ ಎಡವಿದ ಉದಾಹರಣೆಗಳೂ ಇವೆ. 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್ ಸಂಸ್ಥೆಗೆ ಯಾರೋ ನುಗ್ಗಿ ಗೂಗಲ್ ಹೆಸರಿನಲ್ಲೇ ಸರ್ಟಿಫಿಕೇಟ್ ಮಾಡಿಕೊಂಡರು, ಅದನ್ನು ಇರಾನಿನ ಜನರ ಮೇಲೆ ಬಳಸಿದರು. ವಿಷಯ ಹೊರಬಿದ್ದ ಮೇಲೆ ಆ ಸಂಸ್ಥೆ ದಿವಾಳಿಯಾಯಿತು. ಆದ್ದರಿಂದ ಇದು ಎಂದೂ ಮುರಿಯದ ಬೀಗ ಎಂದು ನಾನು ಹೇಳುವುದಿಲ್ಲ. ಆದರೆ ವಾಟ್ಸಾಪಿನಲ್ಲಿ ಸರ್ವರ್ ಹೆಸರು ಹಂಚುವವನ ಕೈಗೆ ಸಿಗುವಂಥದ್ದೂ ಅಲ್ಲ.

ಇನ್ನೊಂದು ಫಾರ್ವರ್ಡ್ ಹೇಳುತ್ತದೆ, ಬೀಗದ ಗುರುತು ಇದ್ದರೆ ತಾಣ ಅಸಲಿ ಎಂದು. ಅದು ತಪ್ಪು. ಬೀಗ ಹೇಳುವುದು ಇಷ್ಟೇ: ನೀವು ಬರೆದ ಹೆಸರಿನವರ ಜೊತೆಗೇ ಮಾತಾಡುತ್ತಿದ್ದೀರಿ. ಆ ಹೆಸರೇ ಕಳ್ಳನದಾದರೆ? ಬ್ಯಾಂಕಿನ ಹೆಸರಿಗೆ ಒಂದಕ್ಷರ ಸೇರಿಸಿ ಹೊಸ ಹೆಸರು ಕೊಂಡವನಿಗೂ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ. ಆಗ ಡಿಎನ್‌ಎಸ್ ನಿಜವನ್ನೇ ಹೇಳುತ್ತದೆ, ಬೀಗವೂ ಸರಿಯಿರುತ್ತದೆ, ರೊಕ್ಕ ಮಾತ್ರ ಹೋಗುತ್ತದೆ. ಜನ ಹೀಗೆ ತಪ್ಪು ತಿಳಿಯುತ್ತಿದ್ದಾರೆಂದೇ 2023ರಲ್ಲಿ ಕ್ರೋಮ್ ಬ್ರೌಸರ್ ಆ ಬೀಗದ ಚಿತ್ರವನ್ನೇ ತೆಗೆದುಹಾಕಿತು.

ಇಲ್ಲಿ ಡಿಎನ್‌ಎಸ್‌ನ ಒಂದು ಗುಣ ಕೆಲಸಕ್ಕೆ ಬರುತ್ತದೆ. ಹೆಸರನ್ನು ಅದು ಬಲದಿಂದ ಎಡಕ್ಕೆ ಓದುತ್ತದೆ, ಕೊನೆಯ ತುಂಡೇ ಯಜಮಾನ. ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳಿಗೆ ‘ಬ್ಯಾಂಕ್ ಡಾಟ್ ಇನ್’ ಎಂಬ ಪ್ರತ್ಯೇಕ ಬಾಲ ಕೊಟ್ಟು, 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗಲು ಹೇಳಿತು. ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಅದನ್ನು ಬ್ಯಾಂಕುಗಳಿಗೆ ಮಾತ್ರ ಕೊಡುತ್ತದೆ. ಆದರೆ ಅದು ಹೆಸರಿನ ತುದಿಯಲ್ಲೇ ಇರಬೇಕು. ಮಧ್ಯದಲ್ಲಿ ‘ಬ್ಯಾಂಕ್ ಡಾಟ್ ಇನ್’ ಇದ್ದು ಅದರ ಮುಂದೆ ಇನ್ನೊಂದು ಡಾಟ್, ಇನ್ನೇನೋ ಬಾಲ ಇದ್ದರೆ ಅದು ಬ್ಯಾಂಕಲ್ಲ.

ವೇಗದ ಮಾತು

ಮೂರು ಪಟ್ಟು ವೇಗ? ಇದನ್ನೂ ತಿರುವುಮುರುವಾಗಿ ಪರೀಕ್ಷಿಸಿದೆ. ಎಲ್ಲ ಉತ್ತರಗಳನ್ನೂ 2 ಸೆಕೆಂಡ್ ತಡ ಮಾಡು ಎಂದು ನಿಯಮ ಬರೆದೆ. ಸುದ್ದಿ ತಾಣಗಳು ತೆರೆಯುವುದೇ ಕಷ್ಟವಾಯಿತು, ಯಾಕೆಂದರೆ ಒಂದು ಪುಟಕ್ಕೆ ಹತ್ತಾರು ಹೆಸರು ಬೇಕು. ಆದರೆ ಒಮ್ಮೆ ಶುರುವಾದ ವಿಡಿಯೊ ಎಂದಿನಂತೆಯೇ ಓಡಿತು. ವಿಳಾಸ ಸಿಕ್ಕ ಮೇಲೆ ಡಿಎನ್‌ಎಸ್‌ಗೆ ಅಲ್ಲಿ ಕೆಲಸವಿಲ್ಲ. ಬಸ್‌ಸ್ಟ್ಯಾಂಡ್ ಎಲ್ಲಿ ಎಂದು ಬೇಗ ಹೇಳಿದರೆ ಬಸ್ಸು ಜೋರಾಗಿ ಓಡುವುದಿಲ್ಲ.

ನಿಜ ಜೀವನದಲ್ಲಿ ಸರಿಯಾಗಿರುವ ಯಾವ ಡಿಎನ್‌ಎಸ್ ಆದರೂ ಸೆಕೆಂಡಿನ ಚಿಕ್ಕ ಭಾಗದಲ್ಲಿ ಉತ್ತರಿಸುತ್ತದೆ. ನಿಮ್ಮ ಕಂಪನಿಯ ಸರ್ವರ್ ತೀರಾ ಸೋಮಾರಿಯಾಗಿದ್ದರೆ ಮಾತ್ರ ಬದಲಿಸಿದಾಗ ಪುಟ ತುಸು ಬೇಗ ತೆರೆದೀತು. ಸಂಜೆ ಹೊತ್ತು ಟವರಿನ ಮೇಲೆ ಜನ ಜಾಸ್ತಿಯಾಗಿ ನೆಟ್ ಕುಂಟುತ್ತಿದ್ದರೆ ಯಾವ ಡಿಎನ್‌ಎಸ್ ಹಾಕಿದರೂ ಕುಂಟುತ್ತದೆ. ಜಾಹೀರಾತು ತಡೆಯುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಕೆಲವು ಸರ್ವರುಗಳು ಜಾಹೀರಾತಿನ ಹೆಸರು ಕೇಳಿದಾಗ ‘ಅಂಥ ಹೆಸರೇ ಇಲ್ಲ’ ಎನ್ನುತ್ತವೆ. ಅದೂ ಸುಳ್ಳೇ, ನಮಗೆ ಇಷ್ಟವಾದ ಸುಳ್ಳು.

ಹಳೆಯ ಎರಡು ಗಾಬರಿಗಳು

ಡಿಎನ್‌ಎಸ್ ಬಗ್ಗೆ ಗಾಬರಿ ಹುಟ್ಟಿಸುವ ಸಂದೇಶ ಹೊಸದಲ್ಲ. 2018ರ ಅಕ್ಟೋಬರ್‌ನಲ್ಲಿ “48 ಗಂಟೆ ಜಗತ್ತಿನಾದ್ಯಂತ ಇಂಟರ್ನೆಟ್ ಬಂದ್” ಎಂಬ ಸುದ್ದಿ ಭಾರತದಲ್ಲೂ ಹಬ್ಬಿತ್ತು. ನಡೆದದ್ದೇನೆಂದರೆ, ಡಿಎನ್‌ಎಸ್ ಉತ್ತರಗಳಿಗೆ ಸಹಿ ಹಾಕುವ ವ್ಯವಸ್ಥೆಯ ಮೂಲ ಕೀಲಿಯನ್ನು ಐಕ್ಯಾನ್ ಸಂಸ್ಥೆ ಅಕ್ಟೋಬರ್ 11ರಂದು ಬದಲಿಸಿತು, 2010ರಲ್ಲಿ ಅದು ಶುರುವಾದ ಮೇಲೆ ಮೊದಲ ಸಲ. ಬಹುಪಾಲು ಜನರಿಗೆ ಅದು ಗೊತ್ತೇ ಆಗಲಿಲ್ಲ.

2012ರ ಜುಲೈ 9ರ ಗಾಬರಿಗೆ ಮಾತ್ರ ನಿಜವಾದ ಬುಡವಿತ್ತು, ಮತ್ತು ಅದು ಕಾಕಾನ ಕಥೆಗೆ ಬಹಳ ಹತ್ತಿರದ್ದು. ‘ಡಿಎನ್‌ಎಸ್ ಚೇಂಜರ್’ ಎಂಬ ವೈರಸ್ ಹಲವು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳ ಡಿಎನ್‌ಎಸ್ ಸೆಟ್ಟಿಂಗ್ ಬದಲಿಸಿ, ಎಲ್ಲ ಪ್ರಶ್ನೆಗಳೂ ಕಳ್ಳರ ಸರ್ವರಿಗೆ ಹೋಗುವಂತೆ ಮಾಡಿತ್ತು. 2011ರ ನವೆಂಬರ್‌ನಲ್ಲಿ ಎಸ್ಟೋನಿಯಾದಲ್ಲಿ ಆರು ಜನರ ಬಂಧನವಾಯಿತು. ಕಳ್ಳರ ಸರ್ವರುಗಳನ್ನು ಒಮ್ಮೆಲೇ ನಿಲ್ಲಿಸಿದರೆ ಅಷ್ಟೂ ಜನರ ಇಂಟರ್ನೆಟ್ ನಿಲ್ಲುತ್ತಿತ್ತು. ಹಾಗಾಗಿ ಅಮೆರಿಕದ ಎಫ್‌ಬಿಐ ನ್ಯಾಯಾಲಯದ ಅನುಮತಿಯೊಂದಿಗೆ ಆ ಜಾಗದಲ್ಲಿ ಪ್ರಾಮಾಣಿಕ ಸರ್ವರುಗಳನ್ನು ಇಡಿಸಿ, ಜುಲೈ 9ರವರೆಗೆ ನಡೆಸಿತು. ಅಂದು ಆ ಕಂಪ್ಯೂಟರುಗಳ ಸೆಟ್ಟಿಂಗ್ ಬದಲಿಸಲು ಕಳ್ಳರಿಗೆ ವೈರಸ್ ಬೇಕಾಗಿತ್ತು. ಈಗ ನಾವೇ ಬರೆದುಕೊಳ್ಳುತ್ತಿದ್ದೇವೆ.

ಫೋನಿನಲ್ಲಿ ನೋಡಬೇಕಾದದ್ದು

ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ತೆರೆಯಿರಿ. ‘ಆಟೊಮ್ಯಾಟಿಕ್’ ಇದ್ದರೆ ಮುಟ್ಟಬೇಡಿ. ಗುರುತಿಲ್ಲದ ಹೆಸರು ಇದ್ದರೆ, ಅದನ್ನು ಯಾರು ನಡೆಸುತ್ತಾರೆಂದು ನೀವೇ ಹೇಳಲಾರದಿದ್ದರೆ ತೆಗೆದುಹಾಕಿ. ಬದಲಿಸಲೇಬೇಕೆಂದಿದ್ದರೆ ಗೂಗಲ್, ಕ್ಲೌಡ್‌ಫ್ಲೇರ್, ಕ್ವಾಡ್9ನಂಥ ಯಾರೆಂದು ಗೊತ್ತಿರುವವರದು ಬಳಸಿ. ಸರ್ವರ್ ಹೆಸರಿನ ಜೊತೆಗೆ “ಈ ಸರ್ಟಿಫಿಕೇಟ್ ಇನ್‌ಸ್ಟಾಲ್ ಮಾಡಿ” ಎಂದು ಸಂದೇಶ ಹೇಳಿದರೆ ಖಂಡಿತ ಬೇಡ. ನಾನು ಮೇಲೆ ಹೇಳಿದ ಸಹಿಯ ರಕ್ಷಣೆಯನ್ನೇ ಅದು ಒಡೆಯಬಲ್ಲದು. ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲುಗಳು ಇದಕ್ಕಿಂತ ಅಪಾಯ, ಯಾಕೆಂದರೆ ಅನುಮತಿ ಕೊಟ್ಟರೆ ಅಂಥ ಆ್ಯಪ್ ನಿಮ್ಮ ಎಸ್‌ಎಮ್‌ಎಸ್ ಒಟಿಪಿಯನ್ನೂ ಓದುತ್ತದೆ. ಅದಕ್ಕೆ ಡಿಎನ್‌ಎಸ್ ಸುಳ್ಳು ಬೇಕಾಗಿಯೇ ಇಲ್ಲ. ಹಣ ಹೋದದ್ದು ಕಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಕಾಕಾ ಬಳಸಿದ್ದು ಬ್ಯಾಂಕಿನ ಆ್ಯಪ್ ಮಾತ್ರ, ಬ್ರೌಸರಿನಲ್ಲಿ ಬ್ಯಾಂಕ್ ತೆರೆದಿರಲಿಲ್ಲ. ಪಾಸ್‌ವರ್ಡ್ ಆ ದಾರಿಯಲ್ಲಿ ಹೋಗಿಲ್ಲ, ಆದರೆ ನೀವು ಆ ಬ್ಯಾಂಕಿನ ಗಿರಾಕಿ ಅಂತ ಆ ಸರ್ವರ್‌ನವನಿಗೆ ಗೊತ್ತಾಗಿರಬಹುದು, ಬ್ಯಾಂಕಿನವರು ಅಂತ ಯಾರಾದರೂ ಫೋನ್ ಮಾಡಿದರೆ ಏನೂ ಹೇಳಬೇಡಿ ಎಂದೆ. ಭಾನುವಾರ ಕಮಲಾಪುರಕ್ಕೆ ಹೋದಾಗ ಇಬ್ಬರೂ ಕೂತು ಸ್ಟೇಟ್‌ಮೆಂಟ್ ಸಾಲುಸಾಲಾಗಿ ನೋಡಿದೆವು. ತೊಗರಿಯ ರೊಕ್ಕ ಇದ್ದಲ್ಲೇ ಇತ್ತು. ಕಾಕಾ ಅಲ್ಲೇ ಕೂತು ಊರಿನ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದರು: “ಆ ಸೆಟ್ಟಿಂಗ್ ಯಾರರ ಹಾಕಿದ್ರ ತೆಗೀರಪ್ಪ, ನಂದು ನೆಟ್ ಬಂದ್ ಆಗಿತ್ತು.” ಎರಡು ನಿಮಿಷದಲ್ಲಿ ಉತ್ತರ ಬಂತು. ಅದು ಹಳೇದು ಕಾಕಾ, ಈಗ ಇದು ಹಾಕ್ರಿ ಎಂದು ಒಬ್ಬರು ಇನ್ನೊಂದು ಸರ್ವರ್ ಹೆಸರು ಕಳಿಸಿದ್ದರು.